ಹೊಸ್ತಿಲು ದಾಟಲಾರದ ಮಗುವಿಗೆ ಬೆತ್ತ ಉತ್ತರವೇ?

ಎಂಟನೆಯ ತರಗತಿಯ ಹುಡುಗ. ಬೆಳಗ್ಗೆ ಏಳಾಯಿತೆಂದರೆ ಹೊಟ್ಟೆನೋವು ಶುರುವಾಗುತ್ತದೆ. ಎಂಟಕ್ಕೆ ವಾಂತಿ. ಒಂಬತ್ತಕ್ಕೆ ಸಮವಸ್ತ್ರ ತೊಟ್ಟು, ಚೀಲ ಹೆಗಲಿಗೇರಿಸಿ, ಹೊಸ್ತಿಲ ಬಳಿ ನಿಂತು ನಡುಗುತ್ತಾನೆ. ಒಂದು ಹೆಜ್ಜೆ ಮುಂದಿಡಲಾರ. ಶಾಲೆಯಲ್ಲಿ ಪ್ರಾರ್ಥನೆ ಮುಗಿದು, ಇನ್ನು ಹೋಗುವಂತಿಲ್ಲವೆಂದು ಖಚಿತವಾದ ಮೇಲೆ ನೋವು ತಾನಾಗಿ ಇಳಿಯುತ್ತದೆ. ಮಧ್ಯಾಹ್ನ ತಾಯಿಯ ಬಳಿ ರೊಟ್ಟಿ ಕೇಳುತ್ತಾನೆ. ಭಾನುವಾರ ಬೆಳಗ್ಗೆ ಯಾವ ನೋವೂ ಇರುವುದಿಲ್ಲ.

ವರವು ಕಾವಲಿನ ಆಸುಪಾಸಿನ ಹಳ್ಳಿಯೊಂದರಿಂದ ಚಳ್ಳಕೆರೆಗೆ ಬಂದು ನೆಲೆಸಿದ ಕುಟುಂಬವದು. ತಂದೆ ಶೇಂಗಾ ಮಂಡಿಯಲ್ಲಿ ಹಮಾಲಿ. ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ನಾಲ್ಕು ತಿಂಗಳಿಂದ ಇದೇ ಕಥೆ. ತಂದೆ ಬೆಲ್ಟಿನಿಂದ ಹೊಡೆದು ನೋಡಿದರು. ಅಜ್ಜಿ, ಯಾರದೋ ನಜರ್ ತಾಗಿದೆಯೆಂದು ತಾಯಿತ ಕಟ್ಟಿಸಿದರು. ಸೋದರಮಾವ, ಓದು ತಲೆಗೆ ಹತ್ತದವನನ್ನು ಗ್ಯಾರೇಜಿಗೆ ಬಿಡಿ, ಕೆಲಸವಾದರೂ ಕಲಿಯಲಿ ಎಂದರು. ಶಾಲೆಯವರು ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಿ ಎಂದರು. ನೆಂಟರಿಷ್ಟರೆಲ್ಲ ಸೇರಿ, ತಾಯಿಯ ಮುದ್ದಿನಿಂದಲೇ ಮಗ ಕೆಟ್ಟನೆಂದು ತೀರ್ಪು ಕೊಟ್ಟರು. ನಿನಗೆ ಏನು ಭಯವಾಗುತ್ತಿದೆಯೆಂದು ಆ ಹುಡುಗನನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ನನಗೂ ಹೋಗ್ಬೇಕು ಅಂತಿದೆ ಹಜ್ರತ್. ಕಾಲು ಬರಲ್ಲ."

ಈ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕೆಂದು ವಿನಂತಿಸುತ್ತೇನೆ. ಶಾಲೆಯೆಂದರೆ ಬೇಡವೆನ್ನುವ ಮಗು ಬೇರೆ, ಶಾಲೆಗೆ ಹೋಗಲಾರೆನೆಂದು ಅಳುವ ಮಗು ಬೇರೆ. ಮನೆಯಿಂದ ಚೀಲ ಹಿಡಿದು ಹೊರಟು, ಕೆರೆ ಏರಿಯ ಮೇಲೋ ಸಿನಿಮಾ ಮಂದಿರದಲ್ಲೋ ಕಾಲ ಕಳೆದು, ಸಂಜೆ ಸುಳ್ಳು ಹೇಳುವ ಹುಡುಗನನ್ನು ನಾವು ಬಲ್ಲೆವು. ಅವನಿಗೆ ಇರುವ ಭಯ ಸಿಕ್ಕಿಬೀಳುವ ಭಯ ಮಾತ್ರ. ಆದರೆ ನಾನು ಹೇಳುತ್ತಿರುವ ಮಗು ತಂದೆತಾಯಿಯ ಕಣ್ಣೆದುರಿಗೇ ಮನೆಯಲ್ಲಿರುತ್ತದೆ, ಏನನ್ನೂ ಮುಚ್ಚಿಡುವುದಿಲ್ಲ. ಹೋಮ್‌ವರ್ಕ್ ಮಾಡಿಟ್ಟಿರುತ್ತದೆ. ರಾತ್ರಿ, ನಾಳೆ ಖಂಡಿತ ಹೋಗುತ್ತೇನೆಂದು ಮಾತು ಕೊಡುತ್ತದೆ. ಬೆಳಗಾದೊಡನೆ ದೇಹವೇ ಆ ಮಾತನ್ನು ಮುರಿಯುತ್ತದೆ. ಅಮೆರಿಕದ ವೈದ್ಯೆ ಅಡಿಲೇಡ್ ಜಾನ್ಸನ್ ಮತ್ತು ಸಂಗಡಿಗರು 1941ರಲ್ಲಿಯೇ ಈ ಸ್ಥಿತಿಯನ್ನು ಶಾಲಾಭಯವೆಂದು ಗುರುತಿಸಿ ಬರೆದರು. ಅನಂತರದ ತಜ್ಞರು ಇದನ್ನು ಸೋಮಾರಿತನದಿಂದಲೂ ಪುಂಡಾಟದಿಂದಲೂ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಆ ಹೊಟ್ಟೆನೋವು ನಾಟಕವಲ್ಲ. ಆತಂಕ ಮಿತಿಮೀರಿದಾಗ ಹೊಟ್ಟೆ ತೊಳಸುವುದು, ಎದೆ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು ದೇಹದ ಸಹಜ ಧರ್ಮ. ಮಗು ನೋವನ್ನು ಅನುಭವಿಸುತ್ತಿದೆ, ಆದರೆ ಆ ನೋವಿನ ಬೇರು ಹೊಟ್ಟೆಯಲ್ಲಿಲ್ಲ.

ಇದು ಹಣವಂತರ ಮನೆಯ ಕಾಯಿಲೆ, ನಮ್ಮಂಥವರಿಗೆ ಇದೆಲ್ಲ ಎಲ್ಲಿಂದ ಎಂದು ಕೇಳುವವರಿದ್ದಾರೆ. ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಈ ಲೆಕ್ಕದಲ್ಲಿ ನಮ್ಮ ಮಕ್ಕಳು ಸೇರಿಲ್ಲವೆಂದು ಯಾರು ಹೇಳಿದರು? ವ್ಯತ್ಯಾಸವಿರುವುದು ಒಂದೇ ಕಡೆ. ಹಣವಂತರ ಮಗು ಬೆಂಗಳೂರಿನ ಮನೋವೈದ್ಯರ ಬಳಿ ಹೋಗುತ್ತದೆ. ನಮ್ಮ ಮಗು ಪಂಕ್ಚರ್ ಅಂಗಡಿಗೆ ಹೋಗುತ್ತದೆ. ಹೆಣ್ಣುಮಗುವಾದರೆ ಇನ್ನೂ ಸುಲಭ. ಶಾಲೆ ಬಿಟ್ಟಳು ಎಂಬುದನ್ನು ನಾವು ಸಮಸ್ಯೆಯೆಂದೇ ಪರಿಗಣಿಸುವುದಿಲ್ಲ. ಅಡುಗೆ ಕಲಿಯಲಿ ಎನ್ನುತ್ತೇವೆ, ಎರಡು ವರ್ಷ ಕಳೆಯುವುದರೊಳಗೆ ಗಂಡು ಹುಡುಕಲು ತೊಡಗುತ್ತೇವೆ. ಅವಳ ಭಯಕ್ಕೆ ಮದ್ದು ಸಿಗಲಿಲ್ಲ, ಮದುವೆ ಸಿಕ್ಕಿತು.

6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಅಂದಿನಿಂದ ಆ ಅಂಕಿಯನ್ನು ನಾವು ಎಷ್ಟು ವೇದಿಕೆಗಳಲ್ಲಿ ಉದ್ಧರಿಸಿಲ್ಲ! ಸರಕಾರವನ್ನು ಪ್ರಶ್ನಿಸಲು ಅದು ಅಗತ್ಯವೂ ಹೌದು. ಬಡತನ, ಶಾಲೆಯ ದೂರ, ತಾರತಮ್ಯ ಇವೆಲ್ಲವೂ ಕಾರಣಗಳೇ. ಆದರೆ ನಡುವೆ ಬಿಟ್ಟವರ ಪಟ್ಟಿಯಲ್ಲಿ ಭಯದಿಂದ ಬಿಟ್ಟವರೆಷ್ಟು ಎಂದು ನಮ್ಮ ಯಾವ ಜಮಾಅತ್ ಕಮಿಟಿ ಲೆಕ್ಕ ತೆಗೆದಿದೆ? ಆ ಕಲಮೇ ನಮ್ಮ ದಫ್ತರಿನಲ್ಲಿಲ್ಲ.

ಭಯಕ್ಕೆ ಕಾರಣಗಳಿಲ್ಲವೇ? ಹುಡುಕಿದರೆ ಬೇಕಾದಷ್ಟಿವೆ. ಏಳನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಮಗು ಎಂಟಕ್ಕೆ ಕನ್ನಡ ಮಾಧ್ಯಮದ ಪ್ರೌಢಶಾಲೆಯ ಕೊನೆಯ ಬೆಂಚಿನಲ್ಲಿ ಕುಳಿತಾಗ, ಎದ್ದು ನಿಂತು ಓದು ಎಂದು ಮೇಷ್ಟ್ರು ಹೇಳಿದ ಕ್ಷಣ ಅದರ ನಾಲಗೆ ಒಣಗುತ್ತದೆ. ಇಡೀ ತರಗತಿ ನಗುತ್ತದೆ. ನಾನು ಹೇಳಿದ ಹುಡುಗನ ಕಥೆ ಶುರುವಾದದ್ದು ಅಲ್ಲಿಂದಲೇ. ಅಗುಳಿಯಿಲ್ಲದ ಶೌಚಾಲಯಕ್ಕೆ ಹೆದರಿ ದಿನವಿಡೀ ನೀರು ಕುಡಿಯದ ಹುಡುಗಿಯರಿದ್ದಾರೆ. ಹೆಸರು ಕೇಳಿದೊಡನೆ ಪಾಕಿಸ್ತಾನದವನೆಂದು ಹಂಗಿಸುವ ಸಹಪಾಠಿಗಳಿದ್ದಾರೆ. ಅಕ್ಷರಗಳು ಕಣ್ಣೆದುರಿಗೆ ಕಲಸಿಹೋಗುವ ಕಲಿಕಾ ತೊಂದರೆಯನ್ನು ದಡ್ಡತನವೆಂದು ಸಾರಿದ ಗುರುಗಳಿದ್ದಾರೆ. ಮನೆಯಲ್ಲಿ ತಾಯಿಗೆ ಕಾಯಿಲೆಯಾಗಿದ್ದರೆ, ತಂದೆತಾಯಿಯರ ನಡುವೆ ಜಗಳವಿದ್ದರೆ, ನಾನು ಹೊರಗೆ ಹೋದಾಗ ಏನಾದರೂ ಆದೀತೆಂಬ ದಿಗಿಲು ಮಗುವನ್ನು ಮನೆಗೆ ಕಟ್ಟಿಹಾಕುತ್ತದೆ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಶಾಲೆಯೆಂಬ ಅಭ್ಯಾಸವೇ ತಪ್ಪಿಹೋದ ಮಕ್ಕಳನ್ನು, ಏನೂ ಆಗಿಲ್ಲವೆಂಬಂತೆ ಮರಳಿ ಬೆಂಚಿನ ಮೇಲೆ ಕೂರಿಸಿದೆವು.

ಇನ್ನು 2022ರ ಫೆಬ್ರವರಿ. ಅಂದಿನ ಸರಕಾರದ ಆದೇಶದ ಬೆನ್ನಿಗೆ ಕಾಲೇಜಿನ ಗೇಟಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ತಡೆದು ನಿಲ್ಲಿಸಿದಾಗ ಇಡೀ ಸಮುದಾಯ ಕಣ್ಣೀರಿಟ್ಟಿತು. ಹೈಕೋರ್ಟಿಗೆ ಹೋದೆವು, ಸುಪ್ರೀಮ್ ಕೋರ್ಟಿಗೆ ಹೋದೆವು. 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡುವವರೆಗೂ ಉಸಿರು ಬಿಗಿಹಿಡಿದು ಕಾದೆವು. ಅದು ಸರಿಯಾಗಿಯೇ ಇತ್ತು. ಗೇಟಿನ ಮುಂದೆ ಅವಮಾನಕ್ಕೊಳಗಾಗಿ ಹಿಂತಿರುಗಿದ ಹುಡುಗಿಗೆ ಮರುದಿನ ಅದೇ ದಾರಿಯಲ್ಲಿ ಕಾಲಿಡಲು ಎದೆ ನಡುಗುತ್ತದೆಂಬುದು ನಮಗೆ ಅಂದು ಚೆನ್ನಾಗಿ ಅರ್ಥವಾಗಿತ್ತು. ಯಾರೂ ಅವಳನ್ನು ಸೋಮಾರಿಯೆನ್ನಲಿಲ್ಲ, ಯಾರೂ ಅವಳಿಗೆ ಹೊಡೆಯಲಿಲ್ಲ. ಹಾಗಾದರೆ ನನ್ನ ಪ್ರಶ್ನೆ ಇದು: ಗೇಟಿನಲ್ಲಿ ತಡೆಯಲ್ಪಟ್ಟ ಮಗುವಿನ ನೋವು ಅರ್ಥವಾಗುವ ನಮಗೆ, ಮನೆಯ ಹೊಸ್ತಿಲಲ್ಲೇ ತಡೆಯಲ್ಪಟ್ಟ ಮಗುವಿನ ನೋವು ಏಕೆ ಅರ್ಥವಾಗುವುದಿಲ್ಲ? ತಡೆದವರು ಹೊರಗಿನವರಾದರೆ ಅದು ಅನ್ಯಾಯ, ತಡೆದದ್ದು ಒಳಗಿನ ಭಯವಾದರೆ ಅದು ಮಗುವಿನ ಹಟವೇ?

ನಾನೂ ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತವನು. ನನಗೆ ಅಕ್ಷರ, ಅದಬು, ಅರಬಿ ವ್ಯಾಕರಣ ಕೊಟ್ಟ ಉಸ್ತಾದರಿಗೆ ಇಂದಿಗೂ ದುಆ ಮಾಡುತ್ತೇನೆ. ಆದರೆ ನಮ್ಮ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಸಬಕು ಒಪ್ಪಿಸುವ ಸರದಿ ಬಂದಾಗಲೆಲ್ಲ ಬೆವರುತ್ತಿದ್ದುದನ್ನೂ, ಬೆತ್ತ ಮೇಲೆದ್ದಷ್ಟೂ ಅವನ ನಾಲಗೆ ಕಟ್ಟಿಹೋಗುತ್ತಿದ್ದುದನ್ನೂ, ಒಂದು ದಿನ ಅವನು ಕಾಣೆಯಾದದ್ದನ್ನೂ ಮರೆತಿಲ್ಲ. ಅವನು ಕುರ್‌ಆನನ್ನು ಬಿಟ್ಟು ಓಡಲಿಲ್ಲ, ಬೆತ್ತವನ್ನು ಬಿಟ್ಟು ಓಡಿದ. ಆ ವ್ಯತ್ಯಾಸ ಅಂದು ನಮಗಾರಿಗೂ ತಿಳಿಯಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿ ಮದ್ರಸಗಳನ್ನು ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಾಗ ನಾವು ಸಂತೋಷಪಟ್ಟೆವು. ನಮ್ಮ ಸಂಸ್ಥೆಗಳ ಸ್ವಾಯತ್ತತೆ ಉಳಿಯಿತೆಂದು ಸಂತೋಷಪಟ್ಟದ್ದು ಸರಿ. ಬೆತ್ತಕ್ಕೂ ವಿನಾಯಿತಿ ಸಿಕ್ಕಿತೆಂದು ಸಂತೋಷಪಟ್ಟಿದ್ದರೆ ಅದಕ್ಕಿಂತ ನಾಚಿಕೆಗೇಡಿಲ್ಲ. ದೇಶದ ಕಾನೂನು ಹೊರಗಿಟ್ಟದ್ದನ್ನು ನಮ್ಮ ಧರ್ಮ ಹೊರಗಿಟ್ಟಿಲ್ಲ.

ಹತ್ತು ವರ್ಷ ಪ್ರವಾದಿ(ಸ)ಯವರ ಸೇವೆಯಲ್ಲಿದ್ದ ಅನಸ್(ರ)ರು, ಆ ಹತ್ತು ವರ್ಷಗಳಲ್ಲಿ ಬೇಸರದ ಒಂದು ಉದ್ಗಾರವನ್ನೂ ಕೇಳಲಿಲ್ಲವೆಂದು ಸಾಕ್ಷ್ಯ ನುಡಿದಿದ್ದಾರೆ. ಹಿಂದಿನ ಸಾಲಿನಲ್ಲಿ ಮಗುವೊಂದು ಅತ್ತಾಗ, ಅದರ ತಾಯಿಗೆ ಕಷ್ಟವಾದೀತೆಂದು ಪ್ರವಾದಿ(ಸ)ಯವರು ನಮಾಝನ್ನೇ ಚಿಕ್ಕದಾಗಿಸಿದರು. ಸಾಕಿದ ಪುಟ್ಟ ಹಕ್ಕಿ ಸತ್ತು ದುಃಖದಲ್ಲಿದ್ದ ಬಾಲಕನ ಬಳಿ ಹೋಗಿ ಹಕ್ಕಿಯ ವಿಷಯವನ್ನೇ ಮಾತಾಡಿಸಿದರು. ನಮಗೆ ಕ್ಷುಲ್ಲಕವೆನಿಸುವ ಮಗುವಿನ ದುಃಖ ಅವರಿಗೆ ಕ್ಷುಲ್ಲಕವಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ತಮ್ಮ ಮುಕದ್ದಿಮದಲ್ಲಿ ವಿದ್ಯಾರ್ಥಿಗಳ ಮೇಲಿನ ಕಠೋರತೆಯ ಕುರಿತೇ ಒಂದು ಅಧ್ಯಾಯ ಬರೆದು, ದಂಡನೆಯ ನೆರಳಿನಲ್ಲಿ ಬೆಳೆದ ಮಗು ಉತ್ಸಾಹ ಕಳೆದುಕೊಂಡು ಸುಳ್ಳಿಗೂ ಕಪಟಕ್ಕೂ ಒಗ್ಗಿಹೋಗುತ್ತದೆಂದು ಎಚ್ಚರಿಸಿದ್ದಾರೆ. ಅವರ ಹೆಸರನ್ನು ನಮ್ಮ ವೈಭವದ ಭಾಷಣಗಳಲ್ಲಿ ಬಳಸುತ್ತೇವೆ. ಅವರ ಮಾತನ್ನು ತರಗತಿಯೊಳಗೆ ಬಿಡುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಮೂಸಾ(ಅ)ರ ಕಥೆಯಿದೆ. ಫಿರ್‌ಔನನ ಆಸ್ಥಾನಕ್ಕೆ ಹೋಗೆಂದು ಅಲ್ಲಾಹನ ಆಜ್ಞೆಯಾದಾಗ ಅವರು ತಮ್ಮ ಭಯವನ್ನು ಮುಚ್ಚಿಡಲಿಲ್ಲ. ಎದೆ ಬಿಗಿಯುತ್ತಿದೆ, ನಾಲಗೆ ಸರಾಗವಾಗಿ ತಿರುಗುವುದಿಲ್ಲ ಎಂದು ಹೇಳಿಕೊಂಡರು. ಎದೆಯನ್ನು ವಿಶಾಲಗೊಳಿಸಲು, ನಾಲಗೆಯ ಗಂಟು ಬಿಡಿಸಲು ಬೇಡಿದರು. ಜೊತೆಗೆ ತಮ್ಮ ಸಹೋದರ ಹಾರೂನ್(ಅ)ರನ್ನು ಕೇಳಿದರು. ಅಲ್ಲಾಹನು ಅವರನ್ನು ಹೇಡಿಯೆಂದು ಹಳಿದನೇ? ಇಲ್ಲ, ಕೇಳಿದ್ದನ್ನು ಕೊಟ್ಟನು. ಆದರೆ ಹೋಗುವ ಕರ್ತವ್ಯದಿಂದ ಬಿಡುಗಡೆಯನ್ನೂ ಕೊಡಲಿಲ್ಲ. ಭಯವನ್ನು ಒಪ್ಪಿಕೊಳ್ಳಬೇಕು, ಹೋಗುವುದನ್ನು ಬಿಡಬಾರದು, ಜೊತೆಗೊಬ್ಬರನ್ನು ಕಳಿಸಬೇಕು. ಈ ಮೂರೂ ಆ ಒಂದೇ ಪ್ರಸಂಗದಲ್ಲಿವೆ. ಇಂದಿನ ಮನಶ್ಶಾಸ್ತ್ರ ಹೇಳುವುದೂ ಬಹುಪಾಲು ಇದನ್ನೇ.

ಏಕೆಂದರೆ ಬೆತ್ತವನ್ನು ಕೆಳಗಿಡಿ ಎಂದೊಡನೆ, ಹಾಗಾದರೆ ಮಗು ಹೇಳಿದಂತೆ ಮನೆಯಲ್ಲೇ ಇರಿಸಿಕೊಳ್ಳಬೇಕೇ ಎಂದು ತಂದೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ: ಖಂಡಿತ ಬೇಡ. ಭಯಪಟ್ಟು ಮನೆಯಲ್ಲುಳಿದ ಮಗುವಿಗೆ ಆ ಕ್ಷಣ ಸಿಗುವ ನೆಮ್ಮದಿಯೇ ಮರುದಿನದ ಭಯವನ್ನು ದೊಡ್ಡದು ಮಾಡುತ್ತದೆ. ಒಂದು ವಾರ ತಪ್ಪಿದರೆ ಪಾಠ ತಪ್ಪುತ್ತದೆ, ತಿಂಗಳು ತಪ್ಪಿದರೆ ಗೆಳೆಯರು ತಪ್ಪುತ್ತಾರೆ, ಆರು ತಿಂಗಳಾದರೆ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಯೇ ಹೊಸ ಭೂತವಾಗಿ ಗೇಟಿನಲ್ಲಿ ನಿಂತಿರುತ್ತದೆ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ, ದೇಹದಲ್ಲಿ ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಳಗಿನ ಗದ್ದಲದಲ್ಲಲ್ಲ, ಸಂಜೆ ಶಾಂತವಾಗಿ ಕುಳಿತು ಭಯದ ಕಾರಣ ಕೇಳಬೇಕು. ಶಾಲೆಯ ಹೊತ್ತಿನಲ್ಲಿ ಮನೆ ಟಿ.ವಿ., ಮೊಬೈಲುಗಳ ಹಬ್ಬವಾಗಬಾರದು. ತಂದೆಯದೊಂದು ಮಾತು, ತಾಯಿಯದೊಂದು ಮಾತು ಆಗಬಾರದು. ಅನಂತರ ಮೆಟ್ಟಿಲು ಮೆಟ್ಟಿಲಾಗಿ ಮರಳಿಸಬೇಕು. ಮೊದಲ ದಿನ ಗೇಟಿನವರೆಗೆ. ಮತ್ತೆರಡು ದಿನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅರ್ಧ ಗಂಟೆ. ಆಮೇಲೆ ಮಗು ನಂಬುವ ಗುರುಗಳ ಒಂದು ಪೀರಿಯಡ್ಡು. ಆಮೇಲೆ ಮಧ್ಯಾಹ್ನದ ಊಟದವರೆಗೆ.

ವರವು ಕಾವಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನರ ಕಾಲದಿಂದ ಅಮೃತಮಹಲ್ ದನಗಳು ಮೇದ ಹುಲ್ಲುಗಾವಲುಗಳವು. ಅಲ್ಲಿಯೇ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆಯಿದೆ, 2017ರಲ್ಲಿ ಅದರ ಉದ್ಘಾಟನೆಯಾಯಿತು. ಆ ಓಡುದಾರಿಯಲ್ಲಿ ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸಿ ನೋಡಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿಯೇ ಬಂದು ಇಳಿಯಿತು. 2024ರ ಮಾರ್ಚಿನಲ್ಲಿ ಓಡುದಾರಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಬಿಟ್ಟರು, ಜೂನಿನಲ್ಲಿ ಇನ್ನೂ ಹೆಚ್ಚು ಪಕ್ಕಕ್ಕೆ, ಹೆಚ್ಚಿನ ಗಾಳಿಯಲ್ಲಿ ಬಿಟ್ಟರು. ಯಾರೂ ಮೊದಲ ದಿನವೇ ಅದನ್ನು ಅಂತರಿಕ್ಷಕ್ಕೆ ಕಳಿಸಿ, ಬರದಿದ್ದರೆ ನಿನ್ನ ಹಣೆಬರಹ ಎನ್ನಲಿಲ್ಲ. ಒಂದು ಯಂತ್ರಕ್ಕೆ ತೋರಿಸಿದ ಈ ತಾಳ್ಮೆಗೆ ಅದೇ ತಾಲ್ಲೂಕಿನ ಹದಿಮೂರು ವರ್ಷದ ಮಗು ಅರ್ಹವಲ್ಲವೇ?

ಸರಕಾರವನ್ನೂ ಇದೇ ಮಾತಿನಿಂದ ಕೇಳಬೇಕಾಗಿದೆ. ಸಾವಿರಾರು ಎಕರೆ ಕಾವಲನ್ನು ಗೋಡೆಯೊಳಗೆ ತೆಗೆದುಕೊಂಡು ಚಳ್ಳಕೆರೆಯನ್ನು ವಿಜ್ಞಾನ ನಗರಿಯೆಂದು ಕರೆದಿರಿ. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯುತ್ತದೆ. ಸಂತೋಷ. ಆದರೆ ಅದೇ ತಾಲ್ಲೂಕಿನ ಎಷ್ಟು ಶಾಲೆಗಳಲ್ಲಿ, ಬೆಳಗ್ಗೆ ವಾಂತಿ ಮಾಡುವ ಮಗುವನ್ನು ಗುರುತಿಸಬಲ್ಲ ಒಬ್ಬ ಆಪ್ತಸಮಾಲೋಚಕರಿದ್ದಾರೆ? ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಮೊಳಕಾಲ್ಮೂರಿನ ಗಡಿಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ ನಿಮ್ಹಾನ್ಸ್ ತಜ್ಞರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋಚಿಕಿತ್ಸೆ ಹಳ್ಳಿಯ ಬಾಗಿಲಿಗೆ ಬರಬಲ್ಲದೆಂದು ತೋರಿಸಿದರು. ಆ ಮಾದರಿಯನ್ನೇ 1996ರಲ್ಲಿ ಕೇಂದ್ರ ಸರಕಾರ ದೇಶಕ್ಕೆ ಅಳವಡಿಸಿಕೊಂಡಿತು. ನೆರೆಯ ಹೊಲದಲ್ಲಿ ಬಿತ್ತಿದ ಬೆಳೆ ದೇಶಕ್ಕೆಲ್ಲ ಹಂಚಿಕೆಯಾಗಿ, ಪಕ್ಕದ ಮನೆಯ ಮಗು ಹಸಿದಿರುವುದೆಂದರೆ ಇದೇ. 2013ರಲ್ಲಿ ಹೈಕೋರ್ಟು ಸ್ವಯಂಪ್ರೇರಿತವಾಗಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯ ಕೈಗೆತ್ತಿಕೊಂಡ ಮೇಲೆ ಸಮೀಕ್ಷೆಗಳು ನಡೆದವು. ಮನೆಗೆ ಬಂದು ಹೆಸರು ಬರೆದುಕೊಂಡು ಹೋಗುವ ಸಮೀಕ್ಷೆ ಬೇಕು. ಬರೆದ ಮೇಲೆ ಮಗುವಿನ ಕೈಹಿಡಿಯುವವರೂ ಬೇಕು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವೆಂದು ಕಾಯ್ದೆಯೇ ಹೇಳುತ್ತಿರುವಾಗ, ವರ್ಗಾವಣೆ ಪತ್ರದ ಬೆದರಿಕೆ ಹಾಕುವ ಶಾಲೆಗಳನ್ನು ಕೇಳುವವರಾರು?

ಸರಕಾರ ಎಚ್ಚರಗೊಳ್ಳುವವರೆಗೆ ಕಾಯುವಂತಿಲ್ಲ. ಇರುವ ಸೌಲಭ್ಯವನ್ನಾದರೂ ನಾವು ಬಳಸುತ್ತಿದ್ದೇವೆಯೇ? 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ದಿನ ಯಾವುದೆಂದು ವಿಚಾರಿಸಲು ಬೇಕಾದದ್ದು ಒಂದು ಬೆಳಗು ಮಾತ್ರ. ತಾಯಿತಕ್ಕೆ ಸಾವಿರಗಟ್ಟಲೆ ಸುರಿಯಲು ಹಿಂಜರಿಯದ ನಾವು ಈ ಉಚಿತ ಬಾಗಿಲನ್ನು ತಟ್ಟಲು ನಾಚುತ್ತೇವೆ. ಮಗುವಿಗೆ ಹುಚ್ಚೆಂದು ಜನ ಆಡಿಕೊಂಡಾರೆಂಬ ಭಯ, ನಾಳೆ ಮಗಳಿಗೆ ಸಂಬಂಧ ಬರಲಿಕ್ಕಿಲ್ಲವೆಂಬ ಭಯ! ಮಗುವಿನ ಭಯವನ್ನು ಹಟವೆಂದವರು ನಮ್ಮ ಈ ಭಯಕ್ಕೆ ಯಾವ ಹೆಸರಿಡುತ್ತೇವೆ? ದುಆ ಬೇಡವೆಂದು ಯಾವ ಮುಸ್ಲಿಮನೂ ಹೇಳಲಾರ. ಆದರೆ ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದದ್ದೂ ಪ್ರವಾದಿ(ಸ)ಯವರೇ. ದುಆ ಮತ್ತು ದವಾ ಒಂದಕ್ಕೊಂದು ಶತ್ರುಗಳಲ್ಲ. ಅವುಗಳನ್ನು ಶತ್ರುಗಳನ್ನಾಗಿಸಿದವರು ಜಿನ್ನಿನ ಹೆಸರಿನಲ್ಲಿ ಬಡವರ ಜೇಬು ಬರಿದು ಮಾಡುವ ಆಮಿಲರು.

ಕುಟುಂಬಕ್ಕೆ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ ಜನ. ದಿನಗೂಲಿಯ ತಂದೆ ಪ್ರತಿ ಬೆಳಗ್ಗೆ ಎರಡು ಗಂಟೆ ಶಾಲೆಯ ಗೇಟಿನಲ್ಲಿ ನಿಂತರೆ ಆ ದಿನದ ಒಲೆ ಉರಿಯುವುದಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಕಾಲೇಜು ಓದುವ ಹುಡುಗ ಹುಡುಗಿಯರಿದ್ದಾರೆ, ಫಜ್ರ್ ನಂತರ ಮಸೀದಿಯ ಕಟ್ಟೆಯಲ್ಲಿ ಲೋಕಾಭಿರಾಮ ಮಾತಾಡುವ ಹಿರಿಯರಿದ್ದಾರೆ. ಒಂದು ಮಗುವಿಗೆ ಒಬ್ಬ ಹಾರೂನನನ್ನು ಕೊಡಲು ಇವರಿಂದ ಸಾಧ್ಯವಿಲ್ಲವೇ? ಉರ್ದುವಿನಿಂದ ಕನ್ನಡಕ್ಕೆ ದಾಟುವ ಮಕ್ಕಳಿಗೆ ಬೇಸಗೆಯ ರಜೆಯಲ್ಲಿ ಎರಡು ತಿಂಗಳು ಕನ್ನಡ ಓದು ಕಲಿಸಲು ಮದ್ರಸದ ಅದೇ ಕೋಣೆ ಸಾಲದೇ? ಮುಖ್ಯೋಪಾಧ್ಯಾಯರ ಬಳಿಗೆ ಆ ತಾಯಿ ಒಬ್ಬಳೇ ಹೋಗಿ ಬೈಗುಳ ತಿನ್ನುವ ಬದಲು ಜಮಾಅತಿನ ಇಬ್ಬರು ಗೌರವಸ್ಥರು ಜೊತೆಗೆ ಹೋದರೆ ಮಾತಿನ ಧಾಟಿಯೇ ಬದಲಾಗುವುದಿಲ್ಲವೇ? ಮಿನಾರಿಗೆ ಬಣ್ಣ ಹಚ್ಚಲು ಚಂದಾ ಎತ್ತುವ ಕಮಿಟಿಗಳಿಗೆ ಇದು ಮೀರಿದ ಕೆಲಸವೇನಲ್ಲ.

ನಾನು ಹೇಳಿದ ಹುಡುಗ ಇನ್ನೂ ಪೂರ್ತಿ ಮರಳಿಲ್ಲ. ಪಕ್ಕದ ಓಣಿಯ ಪಿ.ಯು.ಸಿ. ವಿದ್ಯಾರ್ಥಿಯೊಬ್ಬ ಈಗ ಪ್ರತಿದಿನ ಸೈಕಲ್ಲಿನಲ್ಲಿ ಅವನ ಜೊತೆ ಹೋಗುತ್ತಾನೆ. ತರಗತಿಯಲ್ಲಿ ಎದ್ದು ನಿಲ್ಲಿಸಿ ಓದಿಸಬಾರದೆಂದು ಕನ್ನಡ ಮೇಷ್ಟ್ರನ್ನು ಕೇಳಿಕೊಂಡಾಗ ಅವರು ಒಪ್ಪಿದರು. ಈ ಹಿಂದೆ ಯಾರೂ ನನಗೆ ಹೇಳಲೇ ಇಲ್ಲವಲ್ಲ ಎಂದರು. ವಾರದಲ್ಲಿ ಮೂರು ದಿನ ಅವನು ಊಟದ ಗಂಟೆಯವರೆಗೆ ಕೂರುತ್ತಾನೆ. ಸೋಮವಾರಗಳು ಇನ್ನೂ ಕಷ್ಟ. ತಂದೆ ಬೆಲ್ಟನ್ನು ಬಿಟ್ಟಿದ್ದಾರೆ, ಆದರೆ ಈ ವರ್ಷ ದಾಟದಿದ್ದರೆ ಗ್ಯಾರೇಜೇ ಗತಿಯೆಂಬ ಮಾತನ್ನು ಬಿಟ್ಟಿಲ್ಲ. ಪರೀಕ್ಷೆಗೆ ಉಳಿದಿರುವುದು ಕೆಲವೇ ತಿಂಗಳು. ಅಷ್ಟರೊಳಗೆ ಅವನು ಪೂರ್ತಿ ದಿನ ಕೂರುವಂತಾಗುವನೇ ಎಂಬುದು ಅವನೊಬ್ಬನ ಧೈರ್ಯಕ್ಕೆ ಬಿಟ್ಟ ವಿಷಯವಲ್ಲ.

ಬರುವ ಶುಕ್ರವಾರ ಜುಮಾ ಮುಗಿದ ಮೇಲೆ, ನಿಮ್ಮ ಸಾಲಿನಲ್ಲಿ ಪಕ್ಕಕ್ಕೆ ಕುಳಿತ ತಂದೆಯನ್ನು ಒಂದು ಮಾತು ಕೇಳಿ ನೋಡಿ: ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದಾರೆಯೇ? ಅವರು ತಲೆ ತಗ್ಗಿಸಿದರೆ ಉಪದೇಶ ಮಾಡಬೇಡಿ. ನಾಳೆ ಬೆಳಗ್ಗೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿ.